ನಾಲ್ಕು ಪಟ್ಟಿ (ನೋಟ್‌ಬುಕ್), ನಾಲ್ಕರಲ್ಲೂ ಮೊದಲ ಪುಟ ಮಾತ್ರ. ದಿನಚರಿ ನೀವು ಹೇಗೆ ಶುರು ಮಾಡಿದಿರಿ?

ಹಂಚಿನ ಮಾಡು | ಶಿರಸಿ | ಜೂನ್ 9, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು.

ನನ್ನ ಮಗಳಿಗೆ ಆರು ವರ್ಷ. ಈ ಸಲ ಒಂದನೇ ಕ್ಲಾಸು. ಕಳೆದ ವಾರ ಮಲಗುವಾಗ, "ಅಮ್ಮಾ, ನಾನು ಚಿಕ್ಕವಳಿದ್ದಾಗ ಮಳೆಗೆ ಏನನ್ನುತ್ತಿದ್ದೆ?" ಎಂದು ಕೇಳಿದಳು. ಎರಡು ವರ್ಷದವಳಿದ್ದಾಗ ಅವಳು ಮಳೆಗೆ ಒಂದು ಹೆಸರು ಇಟ್ಟಿದ್ದಳು. ಅವಳದೇ ಶಬ್ದ. ಆ ಮಳೆಗಾಲ ಪೂರ್ತಿ ಮನೆಯವರೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದ್ದೆವು. ಈಗ ಯಾರಿಗೂ ನೆನಪಿಲ್ಲ. ನನಗಿಲ್ಲ, ನಮ್ಮನೆಯವರಿಗಿಲ್ಲ, ಅತ್ತೆಗೂ ಇಲ್ಲ. ಫೋನಿನಲ್ಲಿ ಆ ವರ್ಷದ ರಾಶಿ ಫೋಟೋ ಇದೆ. ಆ ಶಬ್ದ ಒಂದರಲ್ಲೂ ಇಲ್ಲ.

ಅವತ್ತಿನಿಂದ ದಿನಚರಿ ಬರೆಯಲೇಬೇಕು ಎಂದು ಮನಸ್ಸು ಗಟ್ಟಿಯಾಗಿದೆ. ಆದರೆ ಶುರುವೇ ಆಗುತ್ತಿಲ್ಲ. ಮನೆಯಲ್ಲಿ ನಾಲ್ಕು ಪಟ್ಟಿ ಇವೆ. ನಾಲ್ಕರಲ್ಲೂ ಮೊದಲ ಪುಟ ಮಾತ್ರ ಬರೆದಿದೆ. "ಇಂದಿನಿಂದ ದಿನಾ ಬರೆಯುತ್ತೇನೆ" ಎಂದು. ಎರಡನೇ ಪುಟ ಖಾಲಿ.

ಕೂತರೆ ಕೈ ಓಡುವುದಿಲ್ಲ. "ಇವತ್ತು ನನಗೆ ಏನನ್ನಿಸಿತು" ಎಂದು ಕೇಳಿಕೊಂಡರೆ ಉತ್ತರ ಬರುವುದಿಲ್ಲ. ಐದೂವರೆಗೆ ಎದ್ದು, ಡಬ್ಬಿ ಕಟ್ಟಿ, ಬಸ್ಸು ಹಿಡಿದು, ಆಫೀಸು, ಮತ್ತೆ ಬಸ್ಸು, ಅಡುಗೆ, ಹೋಮ್‌ವರ್ಕು. ದಿನಾ ಇದೇ. ಇದನ್ನು ಬರೆಯುವುದಾ?

ನೀವೆಲ್ಲ ಹೇಗೆ ಶುರು ಮಾಡಿದಿರಿ? ಮೊದಲ ಸಾಲು ಯಾವುದಾಗಿತ್ತು?

ಕಿರ್ದಿ | ಸಿದ್ದಾಪುರ ತಾಲೂಕು | ಜೂನ್ 9, ರಾತ್ರಿ 10:25

ತಂಗೀ, ನೀನು ಎಂದೇ ಬರೆಯುತ್ತೇನೆ, ನನ್ನ ಮಗಳ ವಯಸ್ಸಿನವಳು.

"ಏನನ್ನಿಸಿತು" ಎಂದು ಕೇಳಿಕೊಳ್ಳಬೇಡ. ಅದು ಆಮೇಲೆ ಬರುವ ಮಾತು.

ನಾನು 1991ರಿಂದ ಬರೆಯುತ್ತಿದ್ದೇನೆ. ದಿನಚರಿ ಎಂದು ಶುರು ಮಾಡಿದ್ದಲ್ಲ, ತೋಟದ ಲೆಕ್ಕ. ನಮ್ಮಲ್ಲಿ ಅಪ್ಪನ ಕಾಲದಿಂದ ಕಿರ್ದಿ ಬರೆಯುವ ರೂಢಿ ಇತ್ತು. ತಾರೀಕು, ಎಷ್ಟು ಆಳು, ಯಾವ ಕೆಲಸ, ಕೊಟ್ಟ ಹಣ. ಅದರ ಪಕ್ಕ ನಾನು ಮಳೆ ಸೇರಿಸಿದೆ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಎಷ್ಟು ಮಿಲಿಮೀಟರ್ ಎಂದು ಬರೆಯುವುದು. ಅಷ್ಟೇ.

ಒಂದು ಆಗಸ್ಟ್ ತಿಂಗಳ ಪುಟ ಇಲ್ಲಿದೆ, ಇದ್ದ ಹಾಗೇ. "ಮಳೆ 92. ಎರಡನೇ ಸಲದ ಮದ್ದು ಬಾಕಿ. ಕೊನೆಗೌಡ ಬರಲಿಲ್ಲ, ಮಗನಿಗೆ ಜ್ವರವಂತೆ. ತೋಟದ ಸಂಕ ತೇಲಿ ಹೋಯಿತು."

(ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ, ಕೊನೆ ಕೊಯ್ಯುವ ಆಳು. ಸಂಕ ಎಂದರೆ ಕಾಲುಸೇತುವೆ.) ಇದರಲ್ಲಿ ನನ್ನ ಮನಸ್ಸಿನ ಸುದ್ದಿ ಒಂದೂ ಇಲ್ಲ. ಆದರೆ ಅಡಿಕೆ ಬೆಳೆಯುವವರಿಗೆ ಗೊತ್ತು. ಮಳೆ ಸ್ವಲ್ಪ ಹೊಳವಾಗದೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಬರುವುದಿಲ್ಲ. ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಆ ನಾಲ್ಕು ಸಾಲು ಓದಿದರೆ ಆ ರಾತ್ರಿ ಎಷ್ಟು ಹೆದರಿದ್ದೆ ಎಂಬುದು ಈಗಲೂ ಹೊಟ್ಟೆಗೆ ಬರುತ್ತದೆ.

ಹೆಂಡತಿಗೆ ಆಪರೇಷನ್ ಆದ ದಿನ ಬರೆದದ್ದು ಮೂರೇ ಶಬ್ದ. "ಹುಬ್ಬಳ್ಳಿ. ಮಳೆ ನೋಡಲಿಲ್ಲ." ನನಗೆ ಅಷ್ಟು ಸಾಕು.

ಹಾಗಾಗಿ ಎಣಿಸಲು, ಅಳೆಯಲು ಆಗುವ ಒಂದನ್ನು ಹಿಡಿದುಕೋ. ನಿಮ್ಮ ಮನೆಯಲ್ಲಿ ಮಳೆಯ ಮಾತೇ ಬಂದಿದೆ, ಮಳೆಯನ್ನೇ ಹಿಡಿ. ಮೇಲಿಂದ ಕೆಳತನಕ ಒಂದೇ ಅಗಲ ಇರುವ ಡಬ್ಬಿ ಸಾಕು. ಮಾಡಿನ ನೀರು, ಮರದ ಹನಿ ಬೀಳದ ಕಡೆ ಅಂಗಳದಲ್ಲಿ ಇಡು. ಬೆಳಿಗ್ಗೆ ನಿಂತ ನೀರಿಗೆ ಸ್ಕೇಲು ಇಳಿಸಿ ನೋಡು. ಎಷ್ಟು ಮಿಲಿಮೀಟರ್ ಎತ್ತರವೋ ಅಷ್ಟು ಮಳೆ. ಮಗಳ ಕೈಯಲ್ಲಿ ನೋಡಿಸು. ಮಿರ್ಗದ (ಮೃಗಶಿರಾ) ಮಳೆ ಶುರುವಾಗುವ ಹೊತ್ತು, ಒಳ್ಳೆಯ ಸಮಯ.

ಅಕ್ಕೋರು | ಕುಮಟಾ | ಜೂನ್ 10, ಬೆಳಿಗ್ಗೆ 6:40

ಕಿರ್ದಿಯವರು ಹೇಳಿದ್ದು ನಾನು ಶಾಲೆಯಲ್ಲಿ ದಿನಾ ಕಾಣುವ ಮಾತು.

ಮಕ್ಕಳಿಗೆ "ನಿನ್ನೆಯ ದಿನದ ಬಗ್ಗೆ ಬರೆಯಿರಿ" ಎಂದರೆ ಇಡೀ ಕ್ಲಾಸಿನದು ಒಂದೇ ಉತ್ತರ. ಬೆಳಿಗ್ಗೆ ಎದ್ದೆ, ಹಲ್ಲು ತಿಕ್ಕಿದೆ, ಶಾಲೆಗೆ ಬಂದೆ. ಅದೇ ಮಕ್ಕಳಿಗೆ "ಬರುವ ದಾರಿಯಲ್ಲಿ ನಿನ್ನೆ ಇರದಿದ್ದದ್ದು, ಇವತ್ತು ಇದ್ದದ್ದು ಒಂದು ಬರೆಯಿರಿ" ಎಂದೆ. ಒಬ್ಬ ಹುಡುಗ, "ಗಜನಿಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆಯ) ನೀರು ರಸ್ತೆಯ ಅಂಚಿಗೆ ಬಂದಿದೆ, ಒಂದು ಚಪ್ಪಲಿ ತೇಲುತ್ತಿತ್ತು" ಎಂದು ಬರೆದ. ಒಬ್ಬಳು, "ಅಜ್ಜಿ ಇವತ್ತು ಬಳಚು (ಚಿಪ್ಪುಮೀನು) ಹೆಕ್ಕಲು ಹೊಳೆಗೆ ಹೋಗಲಿಲ್ಲ, ಕಾಲು ಕುಯ್ದಿದೆ" ಎಂದು ಬರೆದಳು. ಅವಳು ದಾರಿಯ ಬಗ್ಗೆ ಬರೆಯಲೇ ಇಲ್ಲ. ಆದರೆ ಆ ಪ್ರಶ್ನೆ ಇರದಿದ್ದರೆ ಅಜ್ಜಿಯ ಕಾಲು ಪುಟದ ಮೇಲೆ ಬರುತ್ತಿರಲಿಲ್ಲ. ಎರಡು ದಿನ ಬಿಟ್ಟು ಆ ಮನೆಗೆ ಹೋಗಿ ಬಂದೆ.

ಹಂಚಿನ ಮಾಡು ಅವರೇ, ನಿಮ್ಮ ಕೈ ಕಟ್ಟಿರುವುದು ಪ್ರಶ್ನೆ. "ಇಡೀ ದಿನ ಹೇಗಿತ್ತು" ಎನ್ನುವುದು ತೀರಾ ದೊಡ್ಡದು. ಚಿಕ್ಕದು ಮಾಡಿ. ಇವತ್ತು ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರು? ಡಬ್ಬಿಯಲ್ಲಿ ಏನು ಉಳಿದು ವಾಪಸ್ ಬಂತು? ಇಷ್ಟೇ.

ಇನ್ನೊಂದು, ಪುಟ ತುಂಬಿಸಲೇಬೇಕು ಎಂದಿಲ್ಲ. ನಮ್ಮ ಜಿಲ್ಲೆಯವರೇ ಆದ ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕದಿಂದಲೇ ನಾಡಿಗೆಲ್ಲ ಗೊತ್ತಾದವರು. ನಾಲ್ಕು ಸಾಲು ಸಣ್ಣ ಜಾಗವಲ್ಲ. ನೀವು ಪ್ರಾಸ ಕಟ್ಟುವುದೇನೂ ಬೇಡ. ಪುಟಕ್ಕೆ ಅಡ್ಡಗೆರೆ ಹಾಕಿ ನಾಲ್ಕು ಭಾಗ ಮಾಡಿ, ದಿನಕ್ಕೆ ಒಂದು ಭಾಗ. ನಾಲ್ಕು ಸಾಲಾದ ಮೇಲೆ ಇನ್ನೂ ಬರೆಯಬೇಕು ಅನ್ನಿಸಿದರೂ ನಿಲ್ಲಿಸಿ. ಉಳಿದದ್ದು ನಾಳೆಗೆ ಕೈ ಹಿಡಿದು ಎಳೆಯುತ್ತದೆ.

ಕಾಳಿ ಕಡಲು | ಕಾರವಾರ | ಜೂನ್ 10, ಮಧ್ಯಾಹ್ನ 1:15

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಮಳೆ, ಬಸ್ಸು, ಡಬ್ಬಿ ಎಲ್ಲ ಸರಿ. ಆದರೆ ಅದರ ಹಿಂದೆ ಅಡಗಿ ಕೂರಲೂ ಆಗುತ್ತದೆ. ನಾನು ಎರಡು ವರ್ಷ ಹಾಗೇ ಮಾಡಿದೆ. ಪೇಟೆಯಲ್ಲಿ ಬಾಂಗಡೆಯ ರೇಟು, ಗೋವಾ ಕಡೆಯ ಟ್ರಾಫಿಕ್ಕು, ಕರೆಂಟು ಹೋದದ್ದು, ಬಂದದ್ದು. ಆ ಎರಡು ವರ್ಷ ನಾನೂ ಅಪ್ಪನೂ ಮಾತಾಡುತ್ತಿರಲಿಲ್ಲ. ಪಟ್ಟಿಯಲ್ಲಿ ಅದರ ಬಗ್ಗೆ ಒಂದು ಅಕ್ಷರ ಇಲ್ಲ.

ಆಮೇಲೆ 2024ರ ಆಗಸ್ಟ್ 7ರಂದು ರಾತ್ರಿ ಒಂದರ ಸುಮಾರಿಗೆ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ಹೊಳೆಗೆ ಬಿತ್ತು, ಡ್ರೈವರನ್ನು ಉಳಿಸಿಕೊಂಡರು. ಬೆಳಿಗ್ಗೆ ಹೋಗಿ ದಡದಲ್ಲಿ ನಿಂತೆ. ಮನೆಗೆ ಬಂದು "ಸೇತುವೆ ಇಲ್ಲ" ಎಂದು ಬರೆದೆ. ಮುಂದಿನ ಸಾಲು ತಾನೇ ಬಂತು. "ಅಪ್ಪನ ಸ್ಕೂಟರಿನ ಮುಂದೆ ನಿಂತು ಈ ಸೇತುವೆ ಮೇಲೆ ಸದಾಶಿವಗಡಕ್ಕೆ ಹೋಗುತ್ತಿದ್ದೆ. ಗಾಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಪ್ಪ ಎಡಗೈಯಿಂದ ನನ್ನ ಎದೆ ಹಿಡಿದುಕೊಳ್ಳುತ್ತಿದ್ದರು." ಅವತ್ತು ಒಂಬತ್ತು ಪುಟ ಬರೆದೆ. ಸಂಜೆ ಅಪ್ಪನಿಗೆ ಫೋನ್ ಮಾಡಿದೆ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕಿತ್ತು. ಕೆಲವರು ಸಾಮಾನ್ಯ ವಿಷಯ ಬರೆದರು. ಕೆಲವರು ತಮ್ಮ ಬದುಕಿನ ನೋವಿನ ಘಟನೆ ಬರೆದರು. ಅದರಲ್ಲೂ ನಡೆದದ್ದನ್ನೂ ಅನ್ನಿಸಿದ್ದನ್ನೂ ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಸುಮ್ನೆ ಘಟನೆ ಮಾತ್ರ ಬರೆದವರಿಗೆ ಆ ಲಾಭ ಕಾಣಲಿಲ್ಲ. ಹಾಗಾಗಿ ಹೊರಗಿನದನ್ನು ಮಾತ್ರ ಬರೆದರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ.

ಕಿರ್ದಿ | ಸಿದ್ದಾಪುರ ತಾಲೂಕು | ಜೂನ್ 10, ಮಧ್ಯಾಹ್ನ 2:30

ತಮ್ಮಾ, ನಿನ್ನ ಮಾತಿಗೆ ನನ್ನ ವಿರೋಧ ಇಲ್ಲ. ಆದರೆ ನೋಡು, ನೀನು ಶುರು ಮಾಡಿದ್ದು "ಅಪ್ಪನ ಜೊತೆ ಜಗಳ" ಎಂಬಲ್ಲಿಂದ ಅಲ್ಲ. "ಸೇತುವೆ ಇಲ್ಲ" ಎಂಬಲ್ಲಿಂದ. ಅಪ್ಪ ಹಿಂದಿನಿಂದ ಬಂದರು. ಕೇಳಿದವಳಿಗೆ ಬೇಕಾದದ್ದು ಮೊದಲ ಸಾಲು ತಾನೇ?

ಕಾಳಿ ಕಡಲು | ಕಾರವಾರ | ಜೂನ್ 10, ಮಧ್ಯಾಹ್ನ 2:50

ಅದು ಹೌದು ಅಜ್ಜಾ. ನಾನು ಹಾಗೆ ಯೋಚಿಸಿರಲಿಲ್ಲ. ಆದರೆ ಹಿಂದಿನಿಂದ ಬಂದವರಿಗೆ ಬಾಗಿಲು ತೆಗೆಯಬೇಕು ಎಂಬ ನನ್ನ ಮಾತನ್ನು ಬಿಡುವುದಿಲ್ಲ.

ರಾತ್ರಿಪಾಳಿ | ಕಾರವಾರ | ಜೂನ್ 10, ರಾತ್ರಿ 11:35

ಆಸ್ಪತ್ರೆಯಲ್ಲಿ ನರ್ಸ್ ಕೆಲಸ ನನ್ನದು. ಮೇಲಿನ ಅಧ್ಯಯನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಇದನ್ನು ಯಾರೂ ಹಾರಿಸಿ ಓದಬೇಡಿ.

ನೋವಿನ ಬಗ್ಗೆ ಬರೆದವರಿಗೆ ಬರೆದ ಕೂಡಲೇ ಹಗುರ ಅನ್ನಿಸಲಿಲ್ಲ. ಆಗ ಮನಸ್ಸು ಇನ್ನೂ ಭಾರವೇ ಆಗಿತ್ತು. ಲಾಭ ಕಂಡದ್ದು ಆಮೇಲೆ. ಇದು ಗೊತ್ತಿಲ್ಲದೆ ಮೊದಲ ದಿನವೇ ದೊಡ್ಡ ಗಾಯಕ್ಕೆ ಕೈ ಹಾಕಿದರೆ, "ಬರೆಯುವುದು ನನಗಾಗದು" ಎಂದು ಪಟ್ಟಿ ಮುಚ್ಚಿಬಿಡುತ್ತೀರಿ. ಪೆನ್ನೆಬೇಕರ್ ಅವರೇ ಒಂದು ಎಚ್ಚರಿಕೆ ಕೊಡುತ್ತಾರೆ. ಒಂದು ವಿಷಯ ಬರೆಯುವಾಗ ತಡೆಯಲು ಆಗದಷ್ಟು ಕದಡಿದರೆ ಅದನ್ನು ಅಲ್ಲಿಗೇ ಬಿಟ್ಟು ಬೇರೆ ಬರೆಯಿರಿ ಎಂದು. ತೀರಾ ಹೊಸ ದುಃಖ ಇದ್ದರೆ ಕಾಯಿರಿ. ಬರೆಯುವುದರಿಂದ ತೀರದ ಸಂಕಟ ಇದ್ದರೆ ಸರ್ಕಾರದ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಣ ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ನಾನು ಶುರು ಮಾಡಿದ್ದು ನಿದ್ದೆ ಬಾರದ್ದಕ್ಕೆ. ಪಾಳಿ ಮುಗಿಸಿ ಬಂದು ಮಲಗಿದರೆ ನಾಳೆಯ ಕೆಲಸಗಳೆಲ್ಲ ತಲೆಯಲ್ಲಿ ಓಡುತ್ತಿದ್ದವು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರ ಮೇಲೆ ಮಾಡಿದ ಒಂದು ಪ್ರಯೋಗವನ್ನು 2018ರಲ್ಲಿ ಪ್ರಕಟಿಸಿದ್ದಾರೆ. ಮಲಗುವ ಮೊದಲು ಐದು ನಿಮಿಷ, ಅರ್ಧ ಜನ ಮುಗಿಸಿದ ಕೆಲಸ ಬರೆದರು, ಅರ್ಧ ಜನ ಮುಂದೆ ಮಾಡಬೇಕಾದ ಕೆಲಸ ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಮೊದಲು ನಿದ್ದೆ ಬಂತು. ಹಾಗಾಗಿ ನನ್ನ ದಿನಚರಿ ಇವತ್ತಿನದಲ್ಲ, ನಾಳೆಯ ಯಾದಿ. "ಹಾಲಿನವನಿಗೆ ಹಣ. ಅಮ್ಮನ ಬಿಪಿ ಮಾತ್ರೆ. ವಾರ್ಡಿನ ಆ ಅಜ್ಜನಿಗೆ ಹೆಸರು ಹಿಡಿದು ಮಾತಾಡಿಸಬೇಕು." ಮೂರನೆಯದು ಯಾದಿಗೆ ಹೇಗೆ ಬಂತು ಗೊತ್ತಿಲ್ಲ. ಬಂದ ಮೇಲೆ ಅಜ್ಜನ ಬಗ್ಗೆ ಅರ್ಧ ಪುಟ ಬರೆದೆ.

ದಕ್ಕೆ | ಬೈತಖೋಲ, ಕಾರವಾರ | ಜೂನ್ 11, ಬೆಳಿಗ್ಗೆ 8:05

ನನಗೂ ಇದರಲ್ಲಿ ಆಸೆ ಇದೆ. ಆದರೆ ನನ್ನ ತೊಂದರೆ ಬೇರೆ. ಮನೆಯಲ್ಲಿ ಕೊಂಕಣಿ. ಶಾಲೆ ಕನ್ನಡ, ಅದೂ ಏಳನೇ ಕ್ಲಾಸಿಗೆ ಬಿಟ್ಟೆ. ಬೋಟಿನಲ್ಲಿ ಎಲ್ಲ ಭಾಷೆ. ಬರೆಯಲು ಕೂತರೆ ಮನಸ್ಸಿನಲ್ಲಿ ಕೊಂಕಣಿ ಬರುತ್ತದೆ, ಕೈಯಲ್ಲಿ ಕನ್ನಡ ಬರುತ್ತದೆ. ನಡುವೆ ಸಿಕ್ಕಿ ನಿಂತುಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, 61 ದಿನ ಬೋಟು ದಡದ ಮೇಲೆ. ಬಲೆ ಹೊಲಿಯುವುದು ಬಿಟ್ಟರೆ ಸಮಯ ಬೇಕಾದಷ್ಟಿದೆ. ಏನು ಮಾಡಲಿ?

(ಇದನ್ನು ಫೋನಿಗೆ ಮಾತಾಡಿ ಟೈಪ್ ಮಾಡಿಸಿದ್ದೇನೆ. ಮಗಳು ತಿದ್ದಿ ಕೊಟ್ಟಳು.)

ಅಕ್ಕೋರು | ಕುಮಟಾ | ಜೂನ್ 11, ಬೆಳಿಗ್ಗೆ 8:30

ದಕ್ಕೆ ಅಣ್ಣಾ, ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಫೋನಿಗೆ ಮಾತಾಡಿ! ಕೊಂಕಣಿಯಲ್ಲೇ ಮಾತಾಡಿ ರೆಕಾರ್ಡ್ ಮಾಡಿ ಇಟ್ಟರೆ ಅದೂ ದಿನಚರಿಯೇ. ಮೊದಲು ತಾರೀಕು ಹೇಳಿ, ಆಮೇಲೆ ಮಾತು. ಪಟ್ಟಿಯಲ್ಲೇ ಬೇಕು ಎಂದರೆ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ, ನಮ್ಮ ಕರಾವಳಿಯಲ್ಲಿ ಎಷ್ಟೋ ಜನ ಬರೆಯುವುದೇ ಹಾಗೆ. ಎರಡೂ ಬೆರೆಸಿ. ನಿಮ್ಮ ಪಟ್ಟಿ ತಿದ್ದಲು ಯಾವ ಮಾಸ್ತರರೂ ಕೆಂಪು ಪೆನ್ನು ಹಿಡಿದು ಬರುವುದಿಲ್ಲ. ಮೀನಿನ ಹೆಸರು, ಗಾಳಿಯ ಹೆಸರು, ಬಲೆಯ ಹೆಸರು ನೀವು ಹೇಳುವ ಹಾಗೇ ಇರಲಿ. ಅವು ನಿಮ್ಮ ಮಗಳಿಗೆ ಬೇರೆ ಎಲ್ಲಿಯೂ ಸಿಗುವುದಿಲ್ಲ.

ಹಂಚಿನ ಮಾಡು | ಶಿರಸಿ | ಜೂನ್ 11, ರಾತ್ರಿ 10:10

ಎಲ್ಲರ ಮಾತೂ ಓದಿದೆ. ಆದರೆ ದಕ್ಕೆ ಅಣ್ಣನ ಮಾತು ಓದಿ ಒಮ್ಮೆಲೇ ಎದ್ದು ಕೂತೆ.

ನನ್ನ ಮೊದಲ ಪೋಸ್ಟು ನೋಡಿ. ಮಗಳು ಕೇಳಿದ್ದನ್ನು ನಾನು ಹೇಗೆ ಬರೆದಿದ್ದೇನೆ? "ಅಮ್ಮಾ, ನಾನು ಚಿಕ್ಕವಳಿದ್ದಾಗ ಮಳೆಗೆ ಏನನ್ನುತ್ತಿದ್ದೆ?" ಅವಳು ಹಾಗೆ ಕೇಳಿಯೇ ಇಲ್ಲ. ಅವಳು ಕೇಳಿದ್ದು, "ಆಯಿ, ಆನು ಸಣ್ಣಕ್ಕಿದ್ದಾಗ ಮಳೆಗೆ ಎಂತ ಹೇಳ್ತಿದ್ದಿ?"

ಮಗಳ ಒಂದು ಶಬ್ದ ಕಳೆದುಹೋಯಿತು ಎಂದು ಅತ್ತವಳು ನಾನು. ಮರುವಾರವೇ ಅವಳ ಮಾತನ್ನು ಪೂರ್ತಿ ಬದಲಿಸಿ ಬರೆದಿದ್ದೇನೆ. ಪೆನ್ನು ಹಿಡಿದ ಕೂಡಲೇ ಶಾಲೆಯ ಪ್ರಬಂಧದ ಕನ್ನಡ ಬರುತ್ತದೆ. ಅದರಲ್ಲಿ ನಮ್ಮ ಮನೆಯ ಮಾತು ಹಿಡಿಸುವುದಿಲ್ಲ. ಅದಕ್ಕೇ ಬರೆಯಲು ಏನೂ ಇಲ್ಲ ಅನ್ನಿಸುತ್ತಿತ್ತೋ ಏನೋ.

ಇವತ್ತು ಬರೆದೆ. ಐದನೇ ಪಟ್ಟಿ ತರಲಿಲ್ಲ. ಹಳೆಯ ಒಂದನ್ನೇ ತೆಗೆದು ಎರಡನೇ ಪುಟದಲ್ಲಿ ಬರೆದೆ. ಮನೆಯಲ್ಲಿ ಇವತ್ತು ಯಾರು ಯಾವ ಮಾತು ಹೇಳಿದರೋ ಅದರಲ್ಲಿ ಒಂದು, ಅವರು ಹೇಳಿದ ಹಾಗೇ. ಅಷ್ಟೇ ನನ್ನ ನಿಯಮ. ಅತ್ತೆ ಹೇಳಿದ ಒಂದು ಮಾತು ಬರೆದಿದ್ದೇನೆ, ಇಲ್ಲಿ ಹಾಕುವುದಿಲ್ಲ.

ಸೋಂದಾ ದಾರಿ | ಶಿರಸಿ | ಜೂನ್ 12, ಬೆಳಿಗ್ಗೆ 7:20

ಒಳ್ಳೆಯ ಚರ್ಚೆ. ಹಳೆಯ ಕಾಗದಪತ್ರ ಓದುವ ಹುಚ್ಚು ನನಗೆ, ಅಲ್ಲಿಂದ ಒಂದು ಸಂಗತಿ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಆದೇಶದ ಮೇಲೆ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿದ. 1801ರಲ್ಲಿ ನಮ್ಮ ಕಡೆ ಬಂದ. ಗೋಕರ್ಣ, ಅಂಕೋಲಾ, ಸೋಂದಾ, ಶಿರಸಿ, ಬನವಾಸಿ ಎಲ್ಲ ನೋಡಿದ. ಅವನ ಬರಹ ಪೂರ್ತಿ ದಿನಚರಿಯ ರೂಪದಲ್ಲಿದೆ. ಹೆಚ್ಚಿನ ದಿನಗಳ ಮೊದಲ ಸಾಲು ಒಂದೇ ಥರ. ಈ ತಾರೀಕು, ಇಷ್ಟು ಹರದಾರಿ ನಡೆದು, ಇಂಥ ಊರಿಗೆ ಬಂದೆ. ಆಮೇಲೆ ಮಣ್ಣು, ಬೆಳೆ, ಕಂದಾಯ, ಜನ. ಅಡಿಕೆ, ಮೆಣಸು ಬೆಳೆಯುವ ರೀತಿಯನ್ನು ಕೇಳಿ ಕೇಳಿ ಬರೆದಿದ್ದಾನೆ.

ಅವನು ಬಂದದ್ದು ಯಾರ ಕೆಲಸಕ್ಕೆ ಎಂಬುದು ಬೇರೆ ಮಾತು. ನನಗೆ ಬೇಕಾದದ್ದು ಆ ಮೊದಲ ಸಾಲು. ದಿನಾ ಮೊದಲ ಸಾಲು ಯೋಚಿಸುವ ಕಷ್ಟವೇ ಅವನಿಗಿರಲಿಲ್ಲ. ನಾನೂ ಹಾಗೇ ಮಾಡುತ್ತೇನೆ. ತಾರೀಕು, ಎಲ್ಲಿಂದ ಎಲ್ಲಿಗೆ ಹೋದೆ, ಹೇಗೆ ಹೋದೆ. ಮನೆಯಲ್ಲೇ ಇದ್ದರೆ "ಎಲ್ಲೂ ಹೋಗಲಿಲ್ಲ". ಇಷ್ಟು ಬರೆಯುವಷ್ಟರಲ್ಲಿ ಕೈ ಬಿಸಿಯಾಗಿರುತ್ತದೆ.

ಗಂಗಾವಳಿ | ಅಂಕೋಲಾ | ಜೂನ್ 12, ಸಂಜೆ 5:45

ನಾನು ಡಿಗ್ರಿ ಎರಡನೇ ವರ್ಷ. ನನಗೆ ಶುರು ಮಾಡುವುದು ಕಷ್ಟವಾಗಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ದಿನಾ ಬರೆಯುತ್ತಿದ್ದೆ. ಒಂದು ದಿನ ಹತ್ತಿರದ ನೆಂಟರೊಬ್ಬರು ಆ ಪಟ್ಟಿ ತೆಗೆದು ಎಲ್ಲರೆದುರು ಜೋರಾಗಿ ಓದಿದರು. ಎಲ್ಲರೂ ನಕ್ಕರು. ಅವತ್ತೇ ಹಿತ್ತಲಿನ ಒಲೆಗೆ ಹಾಕಿದೆ. ಈಗ ಮತ್ತೆ ಬರೆಯಬೇಕು ಅನ್ನಿಸುತ್ತದೆ, ಆದರೆ ಬರೆಯುವಾಗ ಆ ನಗು ಕೇಳುತ್ತದೆ. ತುಂಬಿದ ಮನೆ, ನನ್ನದೇ ಎಂಬ ಕಪಾಟು ಕೂಡ ಇಲ್ಲ.

ರಾತ್ರಿಪಾಳಿ | ಕಾರವಾರ | ಜೂನ್ 12, ಸಂಜೆ 6:20

ಪುಟ್ಟೀ, ಅದು ನಿನ್ನ ತಪ್ಪಲ್ಲ. ಓದಿದವರ ತಪ್ಪು, ನಕ್ಕವರ ತಪ್ಪು.

ಬರೆದದ್ದನ್ನು ಇಟ್ಟುಕೊಳ್ಳಲೇಬೇಕು ಎಂದಿಲ್ಲ. ಮನಸ್ಸಿಗೆ ಬೇಕಾದ ಕೆಲಸ ಬರೆಯುವಾಗಲೇ ಆಗುತ್ತದೆ. ಬಿಡಿ ಹಾಳೆಯಲ್ಲಿ ಬರೆ, ಹರಿದು ಹಾಕು. ಹರಿಯುತ್ತೇನೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಬರೆದರೆ ಆ ನಗು ಕೇಳುವುದು ಕಡಿಮೆಯಾಗುತ್ತದೆ. ಇಟ್ಟುಕೊಳ್ಳಬೇಕು ಅನ್ನಿಸುವುದನ್ನು ಫೋನಿನಲ್ಲಿ ಲಾಕ್ ಹಾಕಿದ ನೋಟ್ಸ್‌ನಲ್ಲಿ ಇಡು. ನಾನು ಮೊದಲ ಆರು ತಿಂಗಳು ಹರಿದೇ ಹಾಕಿದ್ದೇನೆ.

ಅಕ್ಕೋರು | ಕುಮಟಾ | ಜೂನ್ 12, ರಾತ್ರಿ 8:00

ಗಂಗಾವಳಿ, ಯಾರಿಗಾದರೂ ಬರೆಯುವ ಹಾಗೆ ಬರೆದು ನೋಡು. ಆನ್ ಫ್ರಾಂಕ್ ಎಂಬ ಹುಡುಗಿಗೆ 1942ರಲ್ಲಿ ಹದಿಮೂರನೇ ಹುಟ್ಟುಹಬ್ಬಕ್ಕೆ ಪಟ್ಟಿ ಸಿಕ್ಕಿತು. ಅವಳು ಅದನ್ನು ಕಿಟ್ಟಿ ಎಂಬ ಕಲ್ಪನೆಯ ಗೆಳತಿಗೆ ಪತ್ರದ ಹಾಗೆ ಬರೆದಳು. ನಗುವವರ ಮುಖದ ಬದಲು ನಗದೇ ಕೇಳುವ ಒಂದು ಮುಖ ಎದುರಿಗೆ ಇಟ್ಟುಕೊಳ್ಳುವುದು. ನನಗೆ ಅದು ತೀರಿಹೋದ ನನ್ನ ದೊಡ್ಡಮ್ಮ.

ಕಿರ್ದಿ | ಸಿದ್ದಾಪುರ ತಾಲೂಕು | ಜೂನ್ 12, ರಾತ್ರಿ 9:15

ನನ್ನ ಪಟ್ಟಿಯನ್ನು ಮೂವತ್ತು ವರ್ಷದಲ್ಲಿ ಯಾರೂ ಮುಟ್ಟಿಲ್ಲ. ಮೇಲೆ "ಲೆಕ್ಕ" ಎಂದು ಬರೆದಿದೆ.

ಮಳೆಗಾಲದಲ್ಲಿ ಶುರು ಮಾಡುವವರಿಗೆ ಒಂದು ಮಾತು. ಶಾಯಿ ಪೆನ್ನು, ಜೆಲ್ ಪೆನ್ನು ಬೇಡ. ನಮ್ಮ ಥಂಡಿಗೆ ಹಾಳೆ ಮೆತ್ತಗಾಗಿ ಅಕ್ಷರ ಒಡೆಯುತ್ತದೆ, ಒಂದು ಹನಿ ಬಿದ್ದರೆ ಪುಟವೇ ಹೋಯಿತು. ಬಾಲ್ ಪೆನ್ನು ಅಥವಾ ಪೆನ್ಸಿಲ್. ಪೆನ್ಸಿಲ್ ಅಕ್ಷರಕ್ಕೆ ನೀರು ಬಿದ್ದರೂ ಏನೂ ಆಗುವುದಿಲ್ಲ. 1994ರ ನನ್ನ ಪಟ್ಟಿ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೂಸಲು ಹಿಡಿದು ಹೋಯಿತು. ಆಮೇಲೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಹೊಗೆಗೆ ಹಾಳೆ ಕಂದು ಬಣ್ಣಕ್ಕೆ ತಿರುಗಿದೆ. ಆದರೆ ಬೂಸಲಿಲ್ಲ, ಹುಳವಿಲ್ಲ. ಒಲೆ ಇಲ್ಲದ ಮನೆಯವರು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಬಿಸಿಲು ಬಿದ್ದ ದಿನ ಅರ್ಧ ಗಂಟೆ ಬಿಡಿಸಿ ಇಡಿ.

ಹಂಚಿನ ಮಾಡು | ಶಿರಸಿ | ಜೂನ್ 22, ರಾತ್ರಿ 10:30

ವರದಿ ಕೊಡುತ್ತೇನೆ. ಹನ್ನೆರಡು ದಿನದಲ್ಲಿ ಎಂಟು ದಿನ ಬರೆದೆ. ನಾಲ್ಕು ದಿನ ತಪ್ಪಿತು. ಮಗಳಿಗೆ ಜ್ವರ, ಆಫೀಸಿನಲ್ಲಿ ಆಡಿಟ್, ಎರಡು ದಿನ ಕರೆಂಟು ಇರಲಿಲ್ಲ. ನಿನ್ನೆ ಪಟ್ಟಿ ತೆಗೆಯಲು ಮನಸ್ಸೇ ಬರಲಿಲ್ಲ. ಖಾಲಿ ತಾರೀಕು ನೋಡಿದರೆ ಮತ್ತೆ ಅದೇ ಕತೆಯಾಯಿತು ಅನ್ನಿಸುತ್ತದೆ. ಮೊದಲ ನಾಲ್ಕು ಪಟ್ಟಿ ನಿಂತದ್ದೂ ಹೀಗೇ ಒಂದು ದಿನ ತಪ್ಪಿದ ಮೇಲೆ.

ಕಾಳಿ ಕಡಲು | ಕಾರವಾರ | ಜೂನ್ 22, ರಾತ್ರಿ 11:00

ಅಕ್ಕಾ, ಎಂಟು ದಿನ ಎಂದರೆ ಎಂಟು ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಎಂಬುವರು ಮತ್ತು ಜೊತೆಗಾರರು 96 ಜನ ಹೊಸ ರೂಢಿ ಬೆಳೆಸಿಕೊಳ್ಳುವುದನ್ನು 12 ವಾರ ಗಮನಿಸಿದರು. ರೂಢಿ ಕೂರಲು ಸಾಧಾರಣ 66 ದಿನ ಬೇಕಾಯಿತು. ಆದರೆ ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಲೆಕ್ಕ ಬಂತು. ಮುಖ್ಯ ಮಾತು ಇದು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಮುರಿಯಲಿಲ್ಲ. ತಪ್ಪಿದ ದಿನಗಳನ್ನು ತುಂಬಿಸಲು ಹೋಗಬೇಡಿ, ಇವತ್ತಿನ ತಾರೀಕು ಹಾಕಿ. ಇನ್ನೊಂದು, ಅವರೆಲ್ಲ ಹೊಸ ಕೆಲಸವನ್ನು ದಿನಾ ಮಾಡುವ ಯಾವುದೋ ಒಂದಕ್ಕೆ ಅಂಟಿಸಿಕೊಂಡಿದ್ದರು, ಊಟ ಆದ ಮೇಲೆ ಎಂಬ ಹಾಗೆ. ನೀವು ರಾತ್ರಿ ಹತ್ತಕ್ಕೆ ಬರೆಯುತ್ತೀರಿ ಅನ್ನಿಸುತ್ತದೆ. ಆ ಹೊತ್ತಿಗೆ ಯಾರಿಗೂ ತ್ರಾಣ ಇರುವುದಿಲ್ಲ. ಬೇರೆ ಹೊತ್ತು ಇಲ್ಲವಾ?

ರವೀಂದ್ರನಾಥ ಟಾಗೋರರ ಮಾತೂ ನೆನಪಾಯಿತು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರು ಕಾರವಾರದಲ್ಲಿ ಬಂದು ಇದ್ದರು, ಇಪ್ಪತ್ತರ ಆಸುಪಾಸಿನ ವಯಸ್ಸು. ಬೆಳದಿಂಗಳ ರಾತ್ರಿ ಕಾಳಿ ಹೊಳೆಯಲ್ಲಿ ದೋಣಿಯಲ್ಲಿ ಹೋಗಿ, ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ಎಷ್ಟೋ ವರ್ಷದ ಮೇಲೆ ನೆನೆದು ಬರೆದರು. ಕವಿತೆಗೆ ಅನುಭವದಿಂದ ಸ್ವಲ್ಪ ದೂರ ಬೇಕು, ನೆನಪೇ ಸರಿಯಾದ ಬಣ್ಣ ಹಚ್ಚುತ್ತದೆ ಎಂಬ ಅರ್ಥದಲ್ಲಿ ಅಲ್ಲಿ ಹೇಳುತ್ತಾರೆ. ಕವಿತೆಗೆ ಅದು ನಿಜ. ನಮಗೆ ಬೇಕಾದದ್ದು ಬಣ್ಣವಲ್ಲ, ಆ ಮಗುವಿನ ಶಬ್ದ. ಅದಕ್ಕೆ ಅದೇ ದಿನ ಬರೆಯಬೇಕು, ಹಸಿ ಇದ್ದಾಗಲೇ.

ಹಂಚಿನ ಮಾಡು | ಶಿರಸಿ | ಜೂನ್ 23, ಬೆಳಿಗ್ಗೆ 9:05

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದೇ ಹೊತ್ತು ಸರಿ ಅನ್ನಿಸುತ್ತಿದೆ. ಬೆಳಿಗ್ಗೆ ಕಿಟಕಿ ಸೀಟು ಸಿಗುತ್ತದೆ, ನಲವತ್ತು ನಿಮಿಷ ಯಾರೂ ಏನೂ ಕೇಳುವುದಿಲ್ಲ. ಅಕ್ಷರ ಕುಣಿಯುತ್ತದೆ, ಇರಲಿ.

ದಕ್ಕೆ | ಬೈತಖೋಲ, ಕಾರವಾರ | ಜುಲೈ 2, ರಾತ್ರಿ 8:40

ನಾನು ಹದಿನೇಳು ದಿನ ಮಾತಾಡಿ ಇಟ್ಟಿದ್ದೇನೆ. ನಿನ್ನೆ ಕೂತು ಎಲ್ಲ ಕೇಳಿದೆ. ಮೊದಲ ದಿನ ಬರೀ ಬಲೆ, ಎಷ್ಟು ಕಣ್ಣು ಹರಿದಿದೆ ಎಂಬ ಲೆಕ್ಕ. ಒಂಬತ್ತನೇ ದಿನ ನನ್ನ ಅಪ್ಪ ಬಲೆ ಹೊಲಿಯುವಾಗ ಹೇಳುತ್ತಿದ್ದ ಹಾಡು ನನ್ನ ಬಾಯಲ್ಲೇ ಬಂದಿದೆ. ನನಗೆ ಗೊತ್ತೇ ಆಗಿರಲಿಲ್ಲ. ಹಿಂದೆ ಕಡಲಿನ ಶಬ್ದವೂ ಇದೆ.

ಹಂಚಿನ ಮಾಡು | ಶಿರಸಿ | ಜುಲೈ 5, ಬೆಳಿಗ್ಗೆ 9:00

ಕಳೆದುಹೋದ ಶಬ್ದ ಇನ್ನೂ ಸಿಕ್ಕಿಲ್ಲ. ಅತ್ತೆಯ ತಂಗಿಗೆ ಫೋನ್ ಮಾಡಿ ಕೇಳಿದೆವು. ಅವರಿಗೂ ಇಲ್ಲ. ಸಿಗಲಿಕ್ಕಿಲ್ಲ.

ನಿನ್ನೆಯ ಪುಟ ಹಾಕುತ್ತೇನೆ. ಮಗಳನ್ನು ಕೇಳಿ ಹಾಕುತ್ತಿದ್ದೇನೆ. (ನಮ್ಮ ಮನೆಮಾತಿನಲ್ಲಿ "ಬೈಂದು" ಎಂದರೆ "ಬಂದಿದೆ".)

"ಜುಲೈ 4. ಆಫೀಸಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಚೀಲದಲ್ಲಿ ಅಣಬೆ, ಕೆಸುವಿನ ಎಲೆಯಲ್ಲಿ ಕಟ್ಟಿದ್ದರು. ಡಬ್ಬಿಯಲ್ಲಿ ಅರ್ಧ ದೋಸೆ ವಾಪಸ್ ಬಂತು. ಎಂಟು ಗಂಟೆಗೆ ಮಳೆ ಒಮ್ಮೆಲೇ ನಿಂತಿತು, ಮಾಡಿನ ಹನಿ ಮಾತ್ರ ಬೀಳುತ್ತಿತ್ತು. ಅವಳು ಬಾಗಿಲಲ್ಲಿ ನಿಂತು: ಆಯಿ, ಮಳೆಗೆ ನಿದ್ದೆ ಬೈಂದು."

ಕಿರ್ದಿ | ಸಿದ್ದಾಪುರ ತಾಲೂಕು | ಜುಲೈ 5, ಬೆಳಿಗ್ಗೆ 9:20

ನಮ್ಮಲ್ಲಿ ಒಂಬತ್ತೂವರೆತನಕ ಎಚ್ಚರ ಇತ್ತು. 71. ನಿಮ್ಮಲ್ಲಿ ಎಷ್ಟು?

ಹಂಚಿನ ಮಾಡು | ಶಿರಸಿ | ಜುಲೈ 5, ಬೆಳಿಗ್ಗೆ 9:25

58. ಸ್ಕೇಲು ಹಿಡಿದದ್ದು ಅವಳೇ.